ಗ್ರಿಪ್ ಚೆನ್ನಾಗಿತ್ತು, ಆದರೂ ಟೈರು ಸಿಡಿಯಿತು: ಟ್ರಾವೆಲ್ ಟ್ರೇಲರ್ ಟೈರಿನ ಬಗ್ಗೆ ಒಂದು ಉತ್ತರ

ಪ್ರಶ್ನೆ: ಸರ್, ನಾವಿರುವುದು ಅಮೆರಿಕದ ಆರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ. ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ ತಗೊಂಡೆವು. 2017ರ ಮಾಡೆಲ್, ಎರಡು ಆಕ್ಸಲ್, ನಾಲ್ಕು ಚಕ್ರ, ಪಿಕಪ್ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆಯಂಥದ್ದು. "ಟೈರು ಹೊಸದಿದ್ದ ಹಾಗೇ ಇದೆ, ಹೆಚ್ಚು ಓಡಿಲ್ಲ" ಎಂದು ಮಾರಿದವರು ಹೇಳಿದ್ದರು. ನಾನು ನೋಡಿದಾಗಲೂ ಗ್ರಿಪ್ ತುಂಬಾ ಚೆನ್ನಾಗಿತ್ತು. ಕಳೆದ ತಿಂಗಳು ಫ್ಲಾಗ್‌ಸ್ಟಾಫ್ ಕಡೆ ಹೊರಟಾಗ ಐ-17 ಹೆದ್ದಾರಿಯ ಏರಿನಲ್ಲಿ ಬಲಗಡೆಯ ಹಿಂದಿನ ಟೈರು ಸಿಡಿಯಿತು. ಟೈರಿನ ಮೇಲಿನ ಪದರ ಪಟ್ಟಿಯಂತೆ ಕಿತ್ತುಬಂದು ಫೆಂಡರ್ ಒಡೆದು, ತಳದ ಶೀಟನ್ನೂ ಹರಿದುಹಾಕಿದೆ. ಸ್ಟೆಪ್ನಿ ಹಾಕಿಕೊಂಡು ಮನೆಗೆ ಮರಳಿದೆವು. ಉಳಿದ ಟೈರುಗಳ ಮೇಲೆ ಎಸ್‌ಟಿ (ಟ್ರೇಲರ್ ಟೈರಿನ ಗುರುತು) 205/75 ಆರ್ 14, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ, ಗಾಳಿಯ ಒತ್ತಡ 50 ಪಿಎಸ್‌ಐ ಎಂದಿದೆ. ಕೊನೆಯ ನಾಲ್ಕು ಅಂಕಿ 2317. ಈಗ ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಜೂನ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್, ಜಾಯನ್ ರಾಷ್ಟ್ರೀಯ ಉದ್ಯಾನ ತೋರಿಸಬೇಕೆಂದಿದ್ದೇವೆ. "ಬಿಸಿಲಿಗೆ ಟೈರು ಸಿಡಿಯುತ್ತೆ, ಗಾಳಿ ಸ್ವಲ್ಪ ಕಡಿಮೆ ಹೊಡೆಸು" ಅಂತಾರೆ ಅಪ್ಪ. ನೈಟ್ರೋಜನ್ ಹಾಕಿಸು ಅಂತಾನೆ ಗೆಳೆಯ. ಚೀನಾ ಟೈರಿನಿಂದಲೇ ಹೀಗಾಯಿತು ಅನ್ನುವವರಿದ್ದಾರೆ. ಲಾರಿ, ಪಿಕಪ್‌ಗೆ ಹಾಕುವ ಎಲ್‌ಟಿ ಟೈರನ್ನೇ ಹಾಕಿಬಿಡಿ ಅನ್ನುವವರೂ ಇದ್ದಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದೇ ಬೇಡ ಅಂತ ಹೆಂಡತಿ. ಯಾರ ಮಾತು ಕೇಳಲಿ, ಯಾವ ಟೈರು ಕೊಳ್ಳಲಿ?

ಉತ್ತರ: ಮೊದಲು ನಿಮ್ಮ ಮನೆಯವರ ಆತಂಕಕ್ಕೆ ಉತ್ತರಿಸುತ್ತೇನೆ. ಪ್ರವಾಸ ಹೋಗಬಹುದು, ಆದರೆ ಈಗಿರುವ ಟೈರುಗಳ ಮೇಲೆ ಹೋಗಬಾರದು. ಸಿಡಿದದ್ದು ಒಂದೇ ಆದರೂ ಉಳಿದ ಮೂರನ್ನೂ ಸ್ಟೆಪ್ನಿಯನ್ನೂ ಬದಲಿಸಿ. ಖರ್ಚು ಹೆಚ್ಚಾಯಿತು ಅನ್ನಿಸಬಹುದು. ಫೆಂಡರ್ ಮತ್ತು ತಳದ ಶೀಟು ರಿಪೇರಿಯ ಬಿಲ್ಲು ಕೈಗೆ ಬಂದಾಗ ಹೋಲಿಸಿ ನೋಡಿ. ಟ್ರೇಲರಿನ ಚಕ್ರದ ಪಕ್ಕದಲ್ಲೇ ಬ್ರೇಕಿನ ವೈರು ಹಾದುಹೋಗುತ್ತದೆ, ಹಲವು ಮಾಡೆಲ್‌ಗಳಲ್ಲಿ ಅಡುಗೆ ಗ್ಯಾಸಿನ ಪೈಪು ಕೂಡ. ನಿಮ್ಮದರಲ್ಲಿ ಶೀಟು ಮಾತ್ರ ಹರಿದಿದೆ. ಹೊರಡುವ ಮುಂಚೆ ಈ ಎರಡಕ್ಕೂ ಏಟು ಬಿದ್ದಿಲ್ಲವೆಂದು ಖಚಿತ ಮಾಡಿಕೊಳ್ಳಿ.

2317 ಎಂದರೆ 2017ನೇ ಇಸವಿಯ 23ನೇ ವಾರ, ಅಂದರೆ ಜೂನ್ ತಿಂಗಳಲ್ಲಿ ತಯಾರಾದ ಟೈರು. 2000ದಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಪ್ರತಿ ಟೈರಿನ ಮೇಲೂ ಡಿಒಟಿ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ ಕೊನೆಯಲ್ಲಿ ಹೀಗೆ ವಾರ ಮತ್ತು ವರ್ಷ ಇರುತ್ತದೆ. ಪೂರ್ತಿ ಸಂಖ್ಯೆ ಎಷ್ಟೋ ಸಲ ಒಂದೇ ಪಕ್ಕದಲ್ಲಿರುತ್ತದೆ, ಆ ಪಕ್ಕ ಒಳಗಡೆಗೆ ತಿರುಗಿದ್ದರೆ ಟ್ರೇಲರಿನಡಿ ಟಾರ್ಚ್ ಹಿಡಿದು ತೂರಬೇಕಾಗುತ್ತದೆ. ನಿಮ್ಮ ಟೈರುಗಳು ಟ್ರೇಲರ್ ಜೊತೆಗೇ ಕಾರ್ಖಾನೆಯಿಂದ ಬಂದವು. ಅವಕ್ಕೆ ಏಳು ವರ್ಷ ದಾಟಿದೆ. ಟ್ರೇಲರ್ ಟೈರಿಗೆ ನಾನು ಕೊಡುವ ಆಯಸ್ಸು ಐದು ವರ್ಷ. ಆರಿಜೋನಾದ ಬಿಸಿಲಲ್ಲಿ ಬಯಲಿನಲ್ಲೇ ನಿಂತಿರುವುದಾದರೆ ಅದಕ್ಕೂ ಕಡಿಮೆ.

ಗ್ರಿಪ್ ಇತ್ತಲ್ಲ ಎನ್ನುತ್ತೀರಿ. ಕಾರಿನ ಟೈರು ಸಾಮಾನ್ಯವಾಗಿ ಸವೆದು ಸಾಯುತ್ತದೆ, ಹಳೆಯದಾಗುವ ಹೊತ್ತಿಗೆ ಬೋಳಾಗಿರುತ್ತದೆ. ಹಾಗಾಗಿ ಗ್ರಿಪ್ ನೋಡಿ ಟೈರಿನ ಆರೋಗ್ಯ ಹೇಳುವ ಅಭ್ಯಾಸ ನಮಗೆಲ್ಲ ಆಗಿಬಿಟ್ಟಿದೆ. ಟ್ರೇಲರಿನದು ಬೇರೆ ಲೆಕ್ಕ. ವರ್ಷಕ್ಕೆ ಒಂದೆರಡು ಸಾವಿರ ಮೈಲಿ ಓಡಿ, ಉಳಿದ ದಿನವೆಲ್ಲ ಭಾರ ಹೊತ್ತು ಒಂದೇ ಕಡೆ ನಿಂತಿರುತ್ತದೆ. ಗ್ರಿಪ್ ಸವೆಯುವುದೇ ಇಲ್ಲ. ಆದರೆ ಒಳಗಿನ ಗಾಳಿಯಲ್ಲಿರುವ ಆಮ್ಲಜನಕ ರಬ್ಬರಿನೊಳಕ್ಕೆ ಇಂಗುತ್ತಾ ಅದನ್ನು ಗಡುಸು ಮಾಡುತ್ತಿರುತ್ತದೆ, ಉಷ್ಣತೆ ಹೆಚ್ಚಿದಷ್ಟೂ ಇದು ಬೇಗ ಆಗುತ್ತದೆ. ರಬ್ಬರಿನಲ್ಲಿ ಬೆರೆಸಿರುವ ರಕ್ಷಕ ಮೇಣ ಮೇಲ್ಮೈಗೆ ಬಂದು ಹರಡಿಕೊಳ್ಳಬೇಕಾದರೆ ಟೈರು ಓಡಾಡಬೇಕು, ಬಾಗಿ ಬಳುಕಬೇಕು. ನಿಂತ ಟೈರಿಗೆ ಆ ಭಾಗ್ಯವೂ ಇಲ್ಲ. ಹಾಗಾಗಿ ಟ್ರೇಲರ್ ಮಾರುವವರು "ಹೆಚ್ಚು ಓಡಿಲ್ಲ" ಎಂದರೆ ಅದನ್ನು ಟೈರಿನ ಗುಣವೆಂದು ತಿಳಿಯದೆ, ಇಸವಿ ನೋಡಿ ಎಂಬ ಸೂಚನೆಯೆಂದು ತಿಳಿಯಿರಿ.

ಟೈರು ಪರೀಕ್ಷೆಯ ಕೆಲಸದಲ್ಲಿ ನಾನು ಸಿಡಿದ ಟ್ರೇಲರ್ ಟೈರುಗಳನ್ನು ಬಿಚ್ಚಿ ನೋಡುತ್ತಿರುತ್ತೇನೆ. ಸತ್ತ ಬಗೆಯನ್ನು ಟೈರೇ ಹೇಳುತ್ತದೆ. ಗಾಳಿ ಇಳಿದದ್ದು ಗೊತ್ತಾಗದೆ ಮೈಲಿಗಟ್ಟಲೆ ಎಳೆದಿದ್ದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಸುತ್ತಲೂ ಹರಿದಿರುತ್ತದೆ, ಒಳಗೆ ಕೈಹಾಕಿದರೆ ಕರಿ ರಬ್ಬರಿನ ಪುಡಿ ಬೆರಳಿಗೆ ಅಂಟುತ್ತದೆ. ಉಕ್ಕಿನ ತಂತಿಯ ಬೆಲ್ಟುಗಳು ಒಂದರಿಂದೊಂದು ಬಿಟ್ಟುಕೊಂಡಿದ್ದರೆ ಮೇಲಿನ ಪದರ ಪಟ್ಟಿಯಂತೆ ಕಿತ್ತುಬರುತ್ತದೆ, ಅಂಚಿನಲ್ಲಿ ತಂತಿಯ ತುದಿಗಳು ಕುಚ್ಚಿನಂತೆ ಹೊರಗೆ ಚಾಚಿರುತ್ತವೆ, ಸೈಡ್‌ವಾಲ್ ಮಾತ್ರ ಬಹುಮಟ್ಟಿಗೆ ಸರಿಯಾಗೇ ಇರುತ್ತದೆ. ನೀವು ವಿವರಿಸಿರುವುದು ಈ ಎರಡನೆಯದು. ಸಿಡಿದ ಟೈರಿನ ಚೂರು ಇನ್ನೂ ಇದ್ದರೆ ನೋಡಿ: ಬಿಟ್ಟುಕೊಂಡ ಜಾಗದಲ್ಲಿ ರಬ್ಬರು ಉಜ್ಜಿ ಉಜ್ಜಿ ನುಣುಪಾಗಿದ್ದರೆ ಅದು ಆ ದಿನದ ಗಾಯವಲ್ಲ. ಬಹಳ ಮೊದಲೇ ಒಳಗೆ ಬಿರುಕು ಬಿಟ್ಟು, ಪ್ರತಿ ಪ್ರಯಾಣದಲ್ಲೂ ಸ್ವಲ್ಪ ಸ್ವಲ್ಪ ದೊಡ್ಡದಾಗಿ, ಐ-17ರ ಏರಿನಲ್ಲಿ ಕೊನೆಯಾಯಿತು.

ಬಿರುಕಿಗೆ ವಯಸ್ಸೊಂದೇ ಕಾರಣವಲ್ಲ. ನಿಮ್ಮ ಟೈರಿನ ಮೇಲಿನ ಸಂಖ್ಯೆ ಓದಿದ ತಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ಭಾರದ ಲೆಕ್ಕ. ಈ ಅಳತೆಯ ಲೋಡ್ ರೇಂಜ್ ಸಿ ಟೈರು 50 ಪಿಎಸ್‌ಐ ಗಾಳಿಯಲ್ಲಿ ಹೊರುವುದು ಹೆಚ್ಚೆಂದರೆ 1,760 ಪೌಂಡ್. ಆಕ್ಸಲ್‌ಗೆ ಎರಡು ಟೈರು, ಅಂದರೆ 3,520 ಪೌಂಡ್. ಈ ಗಾತ್ರದ ಟ್ರೇಲರುಗಳಿಗೆ ಹಾಕುವ ಆಕ್ಸಲ್ ಸಾಮಾನ್ಯವಾಗಿ 3,500 ಪೌಂಡಿನದು. ಕಾರ್ಖಾನೆಯವರು ಬಿಟ್ಟ ಅಂತರ ಆಕ್ಸಲ್ ಒಂದಕ್ಕೆ 20 ಪೌಂಡ್! ಒಂದು ದೊಡ್ಡ ಅಕ್ಕಿ ಚೀಲ ಏರಿಸಿದರೆ ಮುಗಿಯಿತು. ಅಮೆರಿಕದ ಆರ್‌ವಿ (ಟ್ರಾವೆಲ್ ಟ್ರೇಲರಿನಂಥ ವಾಸದ ವಾಹನ) ಉದ್ಯಮದ ಒಕ್ಕೂಟವು ಆಕ್ಸಲ್ ಮಿತಿಗಿಂತ ಕನಿಷ್ಠ ಶೇ 10ರಷ್ಟು ಹೆಚ್ಚು ಹೊರಬಲ್ಲ ಟೈರು ಹಾಕಬೇಕೆಂದು ತನ್ನ ಸದಸ್ಯ ಕಂಪನಿಗಳಿಗೆ ನಿಯಮ ಮಾಡಿದ್ದು 2017ರ ಸೆಪ್ಟೆಂಬರಿನಿಂದ. ನಿಮ್ಮದು ಅದಕ್ಕೂ ಮುಂಚಿನದು.

ನಾಲ್ಕೂ ಟೈರು ಸೇರಿ 7,040 ಪೌಂಡ್ ಹೊರುತ್ತವೆಂಬ ಸಮಾಧಾನವೂ ಪೂರ್ತಿ ನಿಜವಲ್ಲ, ಭಾರ ನಾಲ್ಕಕ್ಕೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಫ್ರಿಜ್, ಸ್ಟವ್, ಹೊರಕ್ಕೆ ಚಾಚುವ ಸ್ಲೈಡ್, ನೀರಿನ ಟ್ಯಾಂಕು ಯಾವ ಬದಿಗಿವೆ ನೋಡಿ. ಎರಡು ಬದಿಗಳ ನಡುವೆ ಕೆಲವು ನೂರು ಪೌಂಡ್ ವ್ಯತ್ಯಾಸ ಬರುವುದು ಅಪರೂಪವೇನಲ್ಲ. 40 ಗ್ಯಾಲನ್ ನೀರು ತುಂಬಿಸಿಕೊಂಡು ಹೊರಟರೆ ಅದೇ 330 ಪೌಂಡ್ ದಾಟುತ್ತದೆ. ಸಿಡಿದದ್ದು ಹಿಂದಿನ ಆಕ್ಸಲ್ಲಿನ ಟೈರು ಎಂದಿದ್ದೀರಿ. ಪಿಕಪ್‌ಗೆ ಕಟ್ಟಿದಾಗ ಟ್ರೇಲರ್ ಮೂಗೆತ್ತಿಕೊಂಡು ನಿಲ್ಲುತ್ತದೆಯೇ? ಹಾಗಿದ್ದರೆ ಹಿಂದಿನ ಆಕ್ಸಲ್ ಮೇಲೆ ಭಾರ ಹೆಚ್ಚು ಕೂರುತ್ತದೆ. ಸಮತಟ್ಟಾದ ಜಾಗದಲ್ಲಿ, ಸಾಮಾನು ತುಂಬಿದ ಮೇಲೆ, ಮುಂದೆ ಹಿಂದೆ ಎರಡೂ ಕಡೆ ನೆಲದಿಂದ ಟ್ರೇಲರಿನ ಚೌಕಟ್ಟಿಗಿರುವ ಎತ್ತರವನ್ನು ಟೇಪಿನಲ್ಲಿ ಅಳೆಯಿರಿ. ಮುಂದುಗಡೆ ಹೆಚ್ಚಿದ್ದರೆ ಹಿಚ್ಚಿನ (ಪಿಕಪ್‌ಗೆ ಟ್ರೇಲರ್ ಕಟ್ಟುವ ಕೊಂಡಿ) ಎತ್ತರ ಇಳಿಸಬೇಕು. ಐದು ನಿಮಿಷದ ಈ ಕೆಲಸವನ್ನು ಬಹಳ ಜನ ಮಾಡುವುದಿಲ್ಲ.

ಈಗ ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಬೇಸಿಗೆಯಲ್ಲಿ ಗಾಳಿ ಕಡಿಮೆ ಹೊಡೆಸಬೇಕೆಂಬುದು ನಮ್ಮೂರುಗಳ ಹೆದ್ದಾರಿ ಪ್ರಯಾಣಿಕರಲ್ಲಿ ಬೇರೂರಿದ ನಂಬಿಕೆ. ಕಾಳಜಿಯಿಂದಲೇ ಹೇಳುತ್ತಾರೆ. ಓಡಿದರೆ ಟೈರಿನೊಳಗೆ ಒತ್ತಡ ಏರುತ್ತದೆ ಎಂಬಷ್ಟು ನಿಜ. ಆದರೆ ಟೈರನ್ನು ಸಿಡಿಸುವುದು ಆ ಏರಿದ ಒತ್ತಡವಲ್ಲ, ರಬ್ಬರಿನಲ್ಲಿ ಹುಟ್ಟುವ ಬಿಸಿ. ಆ ಬಿಸಿಯ ದೊಡ್ಡ ಪಾಲು ರಸ್ತೆಯಿಂದ ಬರುವುದಲ್ಲ, ಟೈರಿನೊಳಗೇ ಹುಟ್ಟುವುದು. ಕಬ್ಬಿಣದ ತಂತಿಯನ್ನು ಅತ್ತಿತ್ತ ಬೇಗ ಬೇಗ ಬಗ್ಗಿಸಿದರೆ ಬಗ್ಗಿಸಿದ ಜಾಗ ಬೆರಳು ಸುಡುವಷ್ಟು ಬಿಸಿಯಾಗುತ್ತದಲ್ಲ, ಟೈರಿನಲ್ಲಿ ಆಗುವುದೂ ಅದೇ. ಪ್ರತಿ ಸುತ್ತಿನಲ್ಲೂ ನೆಲ ಮುಟ್ಟಿದ ಭಾಗ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಗಾಳಿ ಕಡಿಮೆಯಿದ್ದರೆ ಹೆಚ್ಚು ಬಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಭಾರ ಹೆಚ್ಚಿದ್ದರೂ ಅಷ್ಟೇ, ವೇಗ ಹೆಚ್ಚಿದ್ದರೂ ಅಷ್ಟೇ. ನಿಮ್ಮ ಟೈರಿನಲ್ಲಿ 5 ಪಿಎಸ್‌ಐ ಇಳಿಸಿದರೆ ಹೊರುವ ಶಕ್ತಿ 1,760ರಿಂದ ಸುಮಾರು 1,640 ಪೌಂಡಿಗೆ ಇಳಿಯುತ್ತದೆ. ಮೊದಲೇ ಅಂಚಿನಲ್ಲಿದ್ದ ಟೈರು ಅಲ್ಲಿಗೆ ಮಿತಿ ಮೀರಿತು.

ಟೈರಿನ ಮೇಲೆ ಬರೆದ ಪಿಎಸ್‌ಐ ತಣ್ಣಗಿರುವಾಗಿನದು. ಬಿಸಿಲು ಬೀಳುವ ಮುಂಚೆ, ಗಾಡಿ ಕದಲಿಸುವ ಮುಂಚೆ ಇರಬೇಕಾದ ಒತ್ತಡ. ಓಡಿದ ಮೇಲೆ ಶೇ 10ರಿಂದ 15ರಷ್ಟು ಏರುವುದನ್ನು ಲೆಕ್ಕಕ್ಕೆ ಹಿಡಿದೇ ಟೈರು ಮಾಡಿರುತ್ತಾರೆ. ದಾರಿಯಲ್ಲಿ ನಿಲ್ಲಿಸಿ ಗೇಜ್ ಹಿಡಿದಾಗ 50 ಇದ್ದದ್ದು 57 ಆಗಿದೆಯೆಂದು ಗಾಬರಿಯಾಗಿ ಗಾಳಿ ಬಿಡಬೇಡಿ. ಅಪ್ಪನಿಗೆ ಇದನ್ನೇ ಹೇಳಿ: ಬಿಸಿಲಿನ ದಿನ ಗಾಳಿ ಪೂರ್ತಿ ಇರಬೇಕು, ಕಡಿಮೆ ಮಾಡಬೇಕಾದದ್ದು ವೇಗ ಮತ್ತು ಸಾಮಾನು.

ಎರಡು ಆಕ್ಸಲ್ಲಿನ ಟ್ರೇಲರಿನಲ್ಲಿ ಇನ್ನೊಂದು ತೊಂದರೆ ಇದೆ. ಕಾರಿನ ಚಕ್ರದಲ್ಲಿ ಗಾಳಿ ಇಳಿದರೆ ಸ್ಟೀರಿಂಗ್ ಎಳೆಯುತ್ತದೆ, ಕೈಗೆ ಗೊತ್ತಾಗುತ್ತದೆ. ಟ್ರೇಲರಿನಲ್ಲಿ ಒಂದು ಟೈರು ಮೆತ್ತಗಾದರೆ ಪಕ್ಕದ ಟೈರು ಸದ್ದಿಲ್ಲದೆ ಅದರ ಭಾರವನ್ನೂ ಹೊರುತ್ತದೆ. ಪಿಕಪ್ ಓಡಿಸುವವರಿಗೆ ಏನೂ ತಿಳಿಯುವುದಿಲ್ಲ. ಹೀಗಾಗಿ ಒಂದು ಸಿಡಿದ ಮೇಲೆ ಅದೇ ಬದಿಯ ಜೋಡಿ ಟೈರನ್ನು ನಾನು ಎಂದೂ ನಂಬುವುದಿಲ್ಲ. ಒಂದಷ್ಟು ದೂರ ಅದು ತನ್ನ ಶಕ್ತಿಗಿಂತ ಬಹಳ ಹೆಚ್ಚು ಹೊತ್ತಿರುತ್ತದೆ, ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಈಗ ನಿಮ್ಮ ಬಲಬದಿಯ ಮುಂದಿನ ಟೈರು ಆ ಸ್ಥಿತಿಯಲ್ಲಿದೆ.

ಯಾರಾದರೂ ಟ್ರೇಲರನ್ನು ಬಿಗಿಯಾಗಿ ತಿರುಗಿಸಿ ಹಿಂದಕ್ಕೆ ಹಾಕುವಾಗ ಹೊರಗೆ ನಿಂತು ಚಕ್ರಗಳನ್ನೇ ನೋಡಿ. ಒಂದು ಟೈರಿನ ತಳ ಒಂದು ಕಡೆಗೂ ಇನ್ನೊಂದರದು ಎದುರು ಕಡೆಗೂ ಎಳೆದುಕೊಂಡು, ರಿಮ್ ಒಂದು ಕಡೆ, ಟೈರು ಇನ್ನೊಂದು ಕಡೆ ವಾಲುತ್ತವೆ. ಕಾರಿನ ಮುಂದಿನ ಚಕ್ರದ ಹಾಗೆ ಇವು ತಿರುಗಲಾರವು, ಹಾಗಾಗಿ ನೆಲದ ಮೇಲೆ ಅಡ್ಡಡ್ಡ ಉಜ್ಜಿಕೊಂಡೇ ಹೋಗಬೇಕು. ಒಳಗಿನ ಬೆಲ್ಟುಗಳನ್ನು ಒಂದರ ಮೇಲೊಂದು ಜಾರಿಸುವ ಈ ಎಳೆತ ಅಂಚಿನ ಬಿರುಕನ್ನು ಬೆಳೆಸುತ್ತದೆ. ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಆಯ್ಕೆ ಮಾಡುವ ಅವಕಾಶವಿದ್ದರೆ ನೇರವಾಗಿ ಒಳಗೆ ಹೋಗಿ ನೇರವಾಗಿ ಹೊರಬರುವ ಸೈಟನ್ನೇ ಕೇಳಿ. ಸಾಧ್ಯವಿಲ್ಲದಿದ್ದರೆ ದೊಡ್ಡ ಸುತ್ತು ಹಾಕಿ ನಿಧಾನ ತಿರುಗಿಸಿ.

ಇನ್ನು ಚೀನಾ ಟೈರಿನ ವಿಷಯ. ಹಿಂದೆ ಬಂದ ಅಗ್ಗದ ಟ್ರೇಲರ್ ಟೈರುಗಳಲ್ಲಿ ಕಳಪೆ ಇದ್ದವು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಟ್ರೇಲರ್ ಕಂಪನಿಗಳು ಅಂಥ ಅಗ್ಗದ ಟೈರನ್ನೇ, ಅದೂ ಭಾರದ ಅಂಚಿಗೆ ಸರಿಯಾಗಿ ಅಳೆದು ಹಾಕಿದವು. ಕೊಂಡವರು ಗಾಳಿ ನೋಡದೆ ಗಂಟೆಗೆ 75 ಮೈಲಿಯಲ್ಲಿ ಎಳೆದರು. ಸಿಡಿದಾಗ ಸೈಡ್‌ವಾಲ್ ಮೇಲಿನ ದೇಶದ ಹೆಸರು ಮಾತ್ರ ಕಣ್ಣಿಗೆ ಬಿತ್ತು. ಸಾಕಷ್ಟು ಅಂತರ ಇಟ್ಟುಕೊಂಡು ಬಳಸಿದಾಗ ಚೀನಾದ ಟೈರು ವರ್ಷಗಟ್ಟಲೆ ಚೆನ್ನಾಗಿ ದುಡಿದದ್ದನ್ನೂ, ಹೆಚ್ಚು ಬೆಲೆಯ ಅಮೆರಿಕದ ಟೈರು ಗಾಳಿಯಿಲ್ಲದೆ ಹಾಳಾದದ್ದನ್ನೂ ನೋಡಿದ್ದೇನೆ. ಹೆಸರು ಕೇಳಿದರೆ, ಅಮೆರಿಕದಲ್ಲೇ ತಯಾರಾಗಿ 2017ರಲ್ಲಿ ಮಾರುಕಟ್ಟೆಗೆ ಬಂದ ಗುಡ್‌ಇಯರ್ ಎಂಡ್ಯೂರೆನ್ಸ್ ಒಳ್ಳೆಯ ಆಯ್ಕೆ. ಮ್ಯಾಕ್ಸಿಸ್, ಕಾರ್ಲೈಲ್ ಬ್ರ್ಯಾಂಡುಗಳ ಮೇಲ್ದರ್ಜೆಯ ಎಸ್‌ಟಿ ಟೈರುಗಳನ್ನೂ ನೋಡಬಹುದು. ಅಂಗಡಿಯಲ್ಲಿ ಬ್ರ್ಯಾಂಡಿನಷ್ಟೇ ಗಟ್ಟಿಯಾಗಿ ತಯಾರಿಕೆಯ ವಾರವನ್ನೂ ಕೇಳಿ. ಗೋಡೌನಿನಲ್ಲಿ ಎರಡು ವರ್ಷ ಕೂತ ಟೈರನ್ನು ಹೊಸದೆಂದು ಕೊಳ್ಳಬೇಡಿ, ಆರು ತಿಂಗಳೊಳಗಿನದು ಬೇಕೆಂದು ಹಟ ಹಿಡಿಯಿರಿ.

ನೈಟ್ರೋಜನ್ ಹಾಕಿಸುವುದರಿಂದ ಕೆಡುಕಿಲ್ಲ. ನಾವು ಹೊಡೆಸುವ ಗಾಳಿಯಲ್ಲಿ ಹೇಗೂ ಶೇ 78ರಷ್ಟು ನೈಟ್ರೋಜನ್ನೇ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನ ಸೋರುತ್ತದೆ, ತೇವ ಇರುವುದಿಲ್ಲ. ಬಿಸಿಯಾದರೆ ಒತ್ತಡ ಗಾಳಿಯ ಹಾಗೇ ಏರುತ್ತದೆ. ಪುಕ್ಕಟೆ ಸಿಕ್ಕರೆ ಹಾಕಿಸಿ, ಆ ದುಡ್ಡಿಗೆ ಒಂದು ಒಳ್ಳೆಯ ಗೇಜ್ ಬಂದರೆ ಗೇಜ್ ಕೊಳ್ಳಿ.

ಎಲ್‌ಟಿ ಟೈರಿನ ಸಲಹೆ ಸುಳ್ಳಲ್ಲ, ಆದರೆ ನಿಮಗೆ ಹೊಂದುವುದಿಲ್ಲ. 16 ಇಂಚಿನ ರಿಮ್ ಇರುವ ಭಾರಿ ಟ್ರೇಲರುಗಳಿಗೆ ಕೆಲವರು ಅದನ್ನು ಹಾಕಿ ನೆಮ್ಮದಿಯಾಗಿದ್ದಾರೆ. ನಿಮ್ಮ 14 ಇಂಚಿನ ರಿಮ್ಮಿಗೆ ಸರಿಹೊಂದಿ ಇಷ್ಟು ಭಾರ ಹೊರುವ ಎಲ್‌ಟಿ ಹುಡುಕುವುದು ವ್ಯರ್ಥ ಶ್ರಮ. ಕಾರಿನ ಟೈರನ್ನಂತೂ ಹಾಕಲೇಬೇಡಿ. ಅದನ್ನು ಟ್ರೇಲರಿಗೆ ಬಳಸುವಾಗ ಬರೆದ ಭಾರವನ್ನು 1.1ರಿಂದ ಭಾಗಿಸಿ ಕಡಿಮೆ ಲೆಕ್ಕ ಹಿಡಿಯಬೇಕು, ಮೇಲಾಗಿ ಅದರ ಸೈಡ್‌ವಾಲ್ ಮೆತ್ತಗಿರುವುದರಿಂದ ಟ್ರೇಲರ್ ಓಲಾಡುತ್ತದೆ. ಎಸ್‌ಟಿ ಎಂಬುದು ಟ್ರೇಲರಿಗೆಂದೇ ಮಾಡಿದ ಟೈರು. ಸೈಡ್‌ವಾಲ್ ಗಟ್ಟಿ, ಅದೇ ಗಾತ್ರದಲ್ಲಿ ಹೆಚ್ಚು ಭಾರ ಹೊರುತ್ತದೆ.

ಹಾಗಾದರೆ ಕೊಳ್ಳಬೇಕಾದದ್ದು ಅದೇ ಅಳತೆ, ಒಂದು ಮೆಟ್ಟಿಲು ಮೇಲಿನ ಲೋಡ್ ರೇಂಜ್ ಡಿ. 65 ಪಿಎಸ್‌ಐನಲ್ಲಿ ಒಂದೊಂದೂ 2,040 ಪೌಂಡ್ ಹೊರುತ್ತದೆ. ನಾಲ್ಕೂ ಸೇರಿ 8,160. ನಿಮ್ಮ ಎರಡೂ ಆಕ್ಸಲ್ ಸೇರಿ 7,000 ಪೌಂಡಿನವಾದರೆ ಶೇ 16ರಷ್ಟು ಅಂತರ ಸಿಗುತ್ತದೆ. ಎಸ್‌ಟಿ 215/75 ಆರ್ 14 ಡಿ ಹಾಕಿದರೆ 2,200 ಪೌಂಡ್ ಆಗುತ್ತದೆ, ಆದರೆ ಅದು ಸ್ವಲ್ಪ ಅಗಲ, ಸ್ವಲ್ಪ ಎತ್ತರ. ಎರಡು ಟೈರುಗಳ ನಡುವಿನ ಸಂದು ಮತ್ತು ಗುಂಡಿಗೆ ಬಿದ್ದಾಗ ಫೆಂಡರಿಗೆ ಸಿಗುವ ಜಾಗ ಅಳೆಯದೆ ಆ ಗೋಜಿಗೆ ಹೋಗಬೇಡಿ. ರಿಮ್ ಸಮೇತ 15 ಇಂಚಿಗೆ ಏರುವವರೂ ಇದ್ದಾರೆ. ಜಾಗ ಇದ್ದರೆ ಸರಿಯೇ, ಆದರೆ ಟೈರು ಎಷ್ಟೇ ಹೊತ್ತರೂ ಆಕ್ಸಲ್ ಹೊರುವುದು ಅದೇ 3,500 ಪೌಂಡ್.

ಇಲ್ಲಿ ಬಹಳ ಜನ ತಪ್ಪುವ ಒಂದು ವಿಷಯವಿದೆ. ಡಿ ಟೈರು ಹಾಕಿಸಿ ಹಳೆಯ 50 ಪಿಎಸ್‌ಐ ಗಾಳಿಯನ್ನೇ ಹೊಡೆಸಿದರೆ ಅದು ಹೊರುವುದು ಹಳೆಯ 1,760 ಪೌಂಡನ್ನೇ. ಭಾರ ಹೊರುವುದು ಗಾಳಿ, ಟೈರು ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆ. ಟ್ರೇಲರಿನ ಹೊರಗೋಡೆಯ ಮೇಲಿನ ಸ್ಟಿಕ್ಕರಿನಲ್ಲಿ 50 ಎಂದೇ ಇರುತ್ತದೆ, ಅದು ಹಳೆಯ ಟೈರಿನದು. ಪಕ್ಕದಲ್ಲೇ ಹೊಸ ಅಂಕಿ ಬರೆದು ಅಂಟಿಸಿ, ಟೈರು ಅಂಗಡಿಯ ಹುಡುಗರೂ ಆ ಸ್ಟಿಕ್ಕರ್ ನೋಡಿಯೇ ಗಾಳಿ ಹೊಡೆಯುತ್ತಾರೆ. ನಿಮ್ಮಷ್ಟು ಭಾರಕ್ಕೆ ನಾನಾದರೆ ಪೂರ್ತಿ 65 ಇಡುತ್ತೇನೆ.

65 ಪಿಎಸ್‌ಐ ಇಡುವ ಮುಂಚೆ ರಿಮ್ ಮತ್ತು ವಾಲ್ವ್ ಅದಕ್ಕೆ ತಡೆಯುತ್ತವೆಯೇ ನೋಡಬೇಕು. ರಿಮ್ಮಿನ ಹಿಂಬದಿಯಲ್ಲಿ ಅದು ಹೊರುವ ಭಾರ ಅಚ್ಚು ಹಾಕಿರುತ್ತದೆ, ಕೆಲವದರಲ್ಲಿ ಗಾಳಿಯ ಮಿತಿಯೂ ಇರುತ್ತದೆ. ಇಲ್ಲದಿದ್ದರೆ ಟ್ರೇಲರ್ ಕಂಪನಿಯನ್ನು ಕೇಳಿ. ಸಾಧಾರಣ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ, ಅಂದರೆ ಮತ್ತೆ ಅಂಚಿಗೇ ಬಂದು ನಿಂತ ಹಾಗಾಯಿತು. ಬೋಲ್ಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಹಾಕಿಸಿ, ಹೆಚ್ಚು ಖರ್ಚಿಲ್ಲ. ಬ್ಯಾಲೆನ್ಸಿಂಗ್ ಕೂಡ ಮಾಡಿಸಿ. ಟ್ರೇಲರಿಗೆ ಅದು ಬೇಡ ಎನ್ನುವ ಅಂಗಡಿಯವರಿದ್ದಾರೆ, ಒಪ್ಪಬೇಡಿ. ಹಳೆಯ ಟೈರುಗಳನ್ನು ಕಳಚಿದಾಗ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ನೋಡಿ. ಯಾವುದಾದರೂ ಒಂದರ ಒಂದೇ ಅಂಚು ಸವೆದಿದ್ದರೆ ಆಕ್ಸಲ್ ಬಾಗಿರಬಹುದು. ಅದನ್ನು ಸರಿಪಡಿಸದೆ ಹಾಕಿದ ಹೊಸ ಟೈರಿಗೂ ಅದೇ ಗತಿ.

ವೇಗದ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಎಸ್‌ಟಿ ಟೈರಿನ ಮೇಲೆ ಬೇರೆ ವೇಗದ ಅಕ್ಷರ ಇಲ್ಲದಿದ್ದರೆ ಅದರ ಮಿತಿ ಗಂಟೆಗೆ 65 ಮೈಲಿ. ಎಂ ಎಂದಿದ್ದರೆ 81, ಎನ್ ಎಂದಿದ್ದರೆ 87 ಮೈಲಿ. ಆ ಅಕ್ಷರ ನೋಡಿ 75ರಲ್ಲಿ ಎಳೆಯುವ ಅನುಮತಿ ಸಿಕ್ಕಿತೆಂದುಕೊಳ್ಳಬೇಡಿ, ಅದನ್ನು ಕೂಡ ಸುರಕ್ಷತೆಯ ಅಂತರವೆಂದೇ ಎಣಿಸಿ. ಗಂಟೆಗೆ 60ರಿಂದ 65 ಸಾಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55.

ಹೊರಡುವ ಮುಂಚೆ ಒಮ್ಮೆ ತೂಕ ಹಾಕಿಸಿ. ಹೆದ್ದಾರಿ ಬದಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಹಲಗೆಗಳಿವೆ, ಟ್ರೇಲರಿನವರಿಗೂ ತೂಗಿಕೊಡುತ್ತಾರೆ. ಪ್ರವಾಸಕ್ಕೆ ಹೋಗುವ ದಿನದಂತೆಯೇ ತುಂಬಿಕೊಂಡು ಹೋಗಿ: ಗ್ಯಾಸ್, ಕುಕ್ಕರ್, ದಿನಸಿ, ನೀರು, ಅಪ್ಪ ಅಮ್ಮನ ಸೂಟ್‌ಕೇಸು ಎಲ್ಲ. ಪಿಕಪ್ಪಿನ ಎರಡು ಆಕ್ಸಲ್ ಮತ್ತು ಟ್ರೇಲರಿನ ಆಕ್ಸಲ್‌ಗಳ ಭಾರ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರುತ್ತದೆ. ಟ್ರೇಲರಿನ ಅಂಕಿ 6,600ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. 7,000ಕ್ಕೆ ತಾಗಿದ್ದರೆ ನೀರಿನ ಟ್ಯಾಂಕು ಖಾಲಿ ಮಾಡಿ ಹೊರಡಿ, ಕ್ಯಾಂಪ್‌ಗ್ರೌಂಡಿನಲ್ಲಿ ತುಂಬಿಸಿಕೊಳ್ಳಬಹುದು. 7,000 ದಾಟಿದ್ದರೆ ಮಾತ್ರ ಅದಕ್ಕೆ ಟೈರಿನಲ್ಲಿ ಪರಿಹಾರವಿಲ್ಲ, ಸಾಮಾನು ಇಳಿಸಲೇಬೇಕು.

ನಾಲ್ಕೂ ಚಕ್ರಕ್ಕೆ ಟಿಪಿಎಂಎಸ್, ಅಂದರೆ ಟೈರಿನ ಒತ್ತಡ ತಿಳಿಸುವ ಸಾಧನ, ಹಾಕಿಸಿ. ವಾಲ್ವಿನ ತುದಿಗೆ ತಿರುಗಿಸಿ ಕೂರಿಸುವ ಸಣ್ಣ ಸೆನ್ಸರುಗಳು, ಪಿಕಪ್ಪಿನಲ್ಲಿ ಒಂದು ಪುಟ್ಟ ಪರದೆ. ಟ್ರೇಲರಿನ ಟೈರು ಮೆತ್ತಗಾದರೆ ನಿಮಗೆ ತಿಳಿಯುವುದಿಲ್ಲ ಎಂದೆನಲ್ಲ, ತಿಳಿಸುವುದು ಇದೊಂದೇ. ಗಾಳಿ ನಿಧಾನ ಸೋರುವುದನ್ನು ಇದು ಹಿಡಿಯುತ್ತದೆ. ಬೆಲ್ಟು ಬಿಟ್ಟುಕೊಂಡು ಒಮ್ಮೆಲೇ ಸಿಡಿಯುವುದನ್ನು ಎಷ್ಟೋ ಸಲ ಮೊದಲೇ ಹೇಳಲಾರದು. ಅದಕ್ಕೆ ಕಣ್ಣು, ಕೈ ಬೇಕು. ಇಂಧನ ತುಂಬಿಸಲು ನಿಲ್ಲಿಸಿದಾಗಲೆಲ್ಲ ಇಳಿದು ಒಂದು ಸುತ್ತು ಬನ್ನಿ. ನಾಲ್ಕೂ ಟೈರಿನ ಮೇಲೆ ಅಂಗೈ ಇಟ್ಟು ನೋಡಿ, ಚಕ್ರದ ನಡುವಿನ ಹಬ್ಬಿನ ಹತ್ತಿರವೂ ಕೈ ಒಯ್ಯಿರಿ. ಬಿಸಿಲು ಬೀಳುವ ಬದಿಯವು ಸ್ವಲ್ಪ ಹೆಚ್ಚು ಬಿಸಿ ಇರುತ್ತವೆ, ಅದು ಸಹಜ. ಒಂದೇ ಬದಿಯ ಎರಡರಲ್ಲಿ ಒಂದು ಮಾತ್ರ ಸುಡುತ್ತಿದ್ದರೆ ಗಾಳಿ, ಬೇರಿಂಗ್, ಹಿಡಿದುಕೊಂಡ ಬ್ರೇಕು, ಯಾವುದಾದರೂ ಒಂದು ಕೆಟ್ಟಿರುತ್ತದೆ. ಟೈರಿನ ಮೇಲ್ಮೈಯಲ್ಲಿ ಒಂದು ಕಡೆ ಉಬ್ಬು ಕೈಗೆ ಸಿಕ್ಕರೆ, ಅಥವಾ ಗ್ರಿಪ್ಪಿನ ಗೆರೆ ಅಂಕುಡೊಂಕಾಗಿ ಕಂಡರೆ, ಆ ಟೈರಿನಲ್ಲಿ ಮುಂದೆ ಒಂದು ಮೈಲಿಯೂ ಹೋಗಬೇಡಿ.

ಚಾಂಡ್ಲರ್‌ನಲ್ಲಿ ಟ್ರೇಲರ್ ನಿಲ್ಲಿಸಿಡುವಾಗ ಟೈರುಗಳಿಗೆ ಬಿಳಿ ಕವರ್ ಹಾಕಿ, ಆ ಬಿಸಿಲಿಗೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ಗಾಳಿ ಪೂರ್ತಿ ಇರಲಿ. ಮರದ ಹಲಗೆಯ ಮೇಲೆ ನಿಲ್ಲಿಸುವುದಾದರೆ ಟೈರಿನ ಪೂರ್ತಿ ಅಗಲ ಹಲಗೆಯ ಮೇಲೆ ಕೂರಬೇಕು. ಮಟ್ಟ ಮಾಡಲು ಒಂದೇ ಚಕ್ರದಡಿ ಹಲಗೆ ಇಟ್ಟು ಇನ್ನೊಂದನ್ನು ತೇಲಿಸಬೇಡಿ, ಆ ಬದಿಯ ಎರಡಕ್ಕೂ ಇಡಿ. ಹೊಳಪಿಗೆಂದು ಎಣ್ಣೆಯಂಥ ಸ್ಪ್ರೇ ಹೊಡೆಯಬೇಡಿ, ಪೆಟ್ರೋಲಿಯಂ ಬೆರೆತವು ರಬ್ಬರಿನ ರಕ್ಷಕ ಮೇಣವನ್ನೇ ತೊಳೆದುಹಾಕುತ್ತವೆ. ಸೋಪು ನೀರು ಸಾಕು. ತಿಂಗಳಿಗೊಮ್ಮೆಯಾದರೂ ಒಂದು ಸುತ್ತು ಎಳೆದುಬನ್ನಿ.

ಹೊಸ ಟೈರು ಹಾಕಿಸಿದ ಮೇಲೆ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿಸಿ. ಎಷ್ಟು ಎಂಬುದು ಟ್ರೇಲರಿನ ಕೈಪಿಡಿಯಲ್ಲಿದೆ, ಅರ್ಧ ಇಂಚಿನ ಸ್ಟಡ್ಡಿಗೆ ಸಾಮಾನ್ಯವಾಗಿ 90ರಿಂದ 120 ಅಡಿ-ಪೌಂಡ್. ಅಲ್ಲಿಗೆ ಮುಗಿಯುವುದಿಲ್ಲ. 10, 25 ಮತ್ತು 50 ಮೈಲಿ ಓಡಿದ ಮೇಲೆ ಮತ್ತೆ ಮತ್ತೆ ನೋಡಬೇಕು, ಟ್ರೇಲರಿನ ಚಕ್ರದ ನಟ್ಟು ಸಡಿಲವಾಗುವುದು ಆ ಮೊದಲ ಮೈಲಿಗಳಲ್ಲೇ. ಪ್ರವಾಸದ ಹಿಂದಿನ ದಿನ ಟೈರು ಹಾಕಿಸುವ ಬದಲು ಒಂದು ವಾರ ಮುಂಚೆ ಹಾಕಿಸಿ, ಹತ್ತಿರದಲ್ಲೇ ಒಂದು ಸುತ್ತು ಹೋಗಿಬನ್ನಿ. ನಿಮ್ಮ ಪಿಕಪ್ಪಿನ ಸ್ಪ್ಯಾನರ್ ಟ್ರೇಲರಿನ ನಟ್ಟಿಗೆ ಕೂರುತ್ತದೆಯೇ, ಜಾಕ್ ಅಷ್ಟು ಭಾರ ಎತ್ತುತ್ತದೆಯೇ ಎಂದೂ ಆಗಲೇ ನೋಡಿಕೊಳ್ಳಿ. ಜಾಕನ್ನು ಆಕ್ಸಲ್ಲಿನ ಕೊಳವೆಗೆ ಕೊಡಬೇಡಿ, ಬಾಗುತ್ತದೆ. ಚೌಕಟ್ಟಿಗೆ ಕೊಡಿ. ನಿಮ್ಮ ರಸ್ತೆ ನೆರವಿನ ಯೋಜನೆಯಲ್ಲಿ ಟ್ರೇಲರ್ ಸೇರಿದೆಯೇ ಎಂದು ಫೋನ್ ಮಾಡಿ ಕೇಳಿ, ಕಾರಿಗೆ ಮಾತ್ರ ಇರುವ ಯೋಜನೆಗಳೂ ಇವೆ.

ಕೊನೆಯದಾಗಿ ನಿಮ್ಮ ದಾರಿಗೆ ಸಂಬಂಧಿಸಿದ ಒಂದು ಮಾತು. ಜೂನ್‌ನಲ್ಲಿ ಚಾಂಡ್ಲರ್ ಕೆಲವು ದಿನ ಬೆಳಗಿನ ಜಾವದಲ್ಲೇ 85 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರಬಹುದು. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚು ಸುಮಾರು 7,000 ಅಡಿ ಎತ್ತರದಲ್ಲಿದೆ, ಮುಂಜಾನೆ 45ರ ಆಸುಪಾಸಿಗೆ ಇಳಿಯಬಹುದು. ಚಳಿಗೆ ಒತ್ತಡ ಇಳಿಯುತ್ತದೆ, ಎತ್ತರಕ್ಕೆ ಗೇಜಿನ ಅಂಕಿ ಸ್ವಲ್ಪ ಏರುತ್ತದೆ. ಎರಡೂ ಸೇರಿ, ಮನೆಯಲ್ಲಿ 65 ತುಂಬಿಸಿದ್ದು ಅಲ್ಲಿ ಬೆಳಿಗ್ಗೆ 62ರ ಹತ್ತಿರ ಕಾಣುತ್ತದೆ. ಗಾಳಿ ಸೋರಿತೆಂದು ಹೆದರಬೇಡಿ. ನಾಲ್ಕರಲ್ಲೂ ಒಂದೇ ರೀತಿ ಇಳಿದಿದ್ದರೆ ಅದು ಹವೆಯ ಕೆಲಸ. ಅಲ್ಲಿಂದ ಜಾಯನ್‌ಗೆ ಹೊರಡುವ ಬೆಳಿಗ್ಗೆ 65ಕ್ಕೆ ತುಂಬಿಸಿಕೊಳ್ಳಿ, ಅದಕ್ಕೆ 12 ವೋಲ್ಟಿನ ಸಣ್ಣ ಕಂಪ್ರೆಸರ್ ಜೊತೆಗಿರಲಿ. ಮರಳಿ ಬಂದ ಮರುದಿನ ಬೆಳಿಗ್ಗೆ ಮನೆಯಲ್ಲಿ ಗೇಜ್ ಹಿಡಿದಾಗ 65ಕ್ಕಿಂತ ಮೂರೋ ನಾಲ್ಕೋ ಹೆಚ್ಚು ಕಂಡರೆ, ಟೈರು ತಣ್ಣಗಿರುವಾಗಲೇ ಅಷ್ಟನ್ನು ಬಿಟ್ಟು ಸರಿಮಾಡಿ. ಗಾಳಿ ಬಿಡಬಹುದಾದ ಸಂದರ್ಭ ಅದೊಂದೇ.